ನೆಟ್ಟಗಿರಬೇಕೆಂದು ಯಾರು ಹೇಳಿದರು?

ಕನ್ನಡದಲ್ಲಿ ‘ನೆಟ್ಟಗೆ’ ಎಂಬುದು ಬರೀ ಆಕಾರದ ಮಾತಲ್ಲ. ‘ನೆಟ್ಟಗೆ ಕೂತ್ಕೋ’ ಎಂದು ಮೇಷ್ಟ್ರು ಗದರಿದರೆ ಅದರಲ್ಲಿ ಬೆನ್ನಿನ ಜೊತೆಗೆ ನಡತೆಯ ವಿಚಾರವೂ ಇರುತ್ತದೆ. ‘ಬುದ್ಧಿ ನೆಟ್ಟಗಿಲ್ಲ’ ಎನ್ನುತ್ತೇವೆ. ಪಾಪದ ನಾಯಿಯ ಬಾಲವನ್ನೂ ಗಾದೆಯಲ್ಲಿ ಡೊಂಕೆಂದು ಜರೆಯುತ್ತೇವೆ. ಈ ನೀತಿಯ ಮಾತು ವೈದ್ಯದ ವೇಷ ತೊಟ್ಟರೆ ಹೇಗಿರುತ್ತದೆಂದು ತಿಳಿಯಲು ರಾಲ್ಫಿಂಗ್ ಎಂಬ ಅಮೆರಿಕದ ಚಿಕಿತ್ಸೆಯನ್ನು ನೋಡಬಹುದು. ಸ್ಟ್ರಕ್ಚರಲ್ ಇಂಟಿಗ್ರೇಷನ್ ಎಂಬುದು ಅದರ ಇನ್ನೊಂದು ಹೆಸರು.

ಇದನ್ನು ರೂಪಿಸಿದ ಐಡಾ ರಾಲ್ಫ್ (1896–1979) ಸಾಮಾನ್ಯರಲ್ಲ. 1920ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ರಾಕ್‌ಫೆಲರ್ ಸಂಸ್ಥೆಯಲ್ಲಿ ಸಂಶೋಧನೆ ಮಾಡಿದವರು. ಯೋಗವನ್ನೂ ಅಭ್ಯಾಸ ಮಾಡಿದ್ದರು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆಯಲ್ಲಿ ಅವರ ಪದ್ಧತಿ ಹೆಸರು ಮಾಡಿತು. ಸ್ನಾಯುಗಳನ್ನು ಸುತ್ತಿಕೊಂಡ ಪೊರೆ, ಅಂದರೆ ಫೇಶಿಯಾ, ಬಿಗಿದುಕೊಂಡು ಮೈಯನ್ನು ಓರೆ ಮಾಡುತ್ತದೆ. ಅದನ್ನು ಕೈಯಿಂದ ಒತ್ತಿ ಎಳೆದು ಸಡಿಲಿಸಿದರೆ ಮೈ ಗುರುತ್ವಾಕರ್ಷಣೆಗೆ ಹೊಂದಿಕೊಂಡು ನೆಟ್ಟಗಾಗುತ್ತದೆ ಎಂಬುದು ಅವರ ವಾದ.

ಹೋದವರು ಏನನ್ನು ನಿರೀಕ್ಷಿಸಬಹುದು? ಸಾಮಾನ್ಯವಾಗಿ ಹತ್ತು ಭೇಟಿ, ಒಂದೊಂದೂ ಒಂದು ಗಂಟೆಯಿಂದ ಒಂದೂವರೆ ಗಂಟೆ. ಒಳಉಡುಪಿನಲ್ಲಿ ನಿಲ್ಲಿಸಿ ನಿಮ್ಮ ನಿಲುವನ್ನು ನೋಡುತ್ತಾರೆ, ಫೋಟೊ ತೆಗೆಯುವುದೂ ಉಂಟು. ಮೊದಲ ಸಲ ಎದೆ ಮತ್ತು ಉಸಿರು, ಎರಡನೆಯ ಸಲ ಪಾದ ಮತ್ತು ಮೊಣಕಾಲಿನ ಕೆಳಭಾಗ. ಹೀಗೆ ಸಾಗಿ ಏಳನೆಯದರಲ್ಲಿ ಕುತ್ತಿಗೆ, ದವಡೆ, ಬಾಯಿಯ ಒಳಭಾಗ. ಕೊನೆಯ ಮೂರು ಎಲ್ಲವನ್ನೂ ಹೊಂದಿಸುವುದಕ್ಕೆ. ಎಣ್ಣೆ ಹಚ್ಚಿ ತಿಕ್ಕುವ ಮಾಲೀಸಿನಂತಲ್ಲ. ಗೆಣ್ಣು, ಮುಷ್ಟಿ, ಮೊಣಕೈಗಳಿಂದ ನಿಧಾನವಾಗಿ ಒತ್ತುತ್ತಾರೆ. ನೋವಾಗಬಹುದು, ಮಾರನೆಯ ದಿನ ಮೈಕೈ ನೋಯಬಹುದು. ಸಾಕೆಂದರೆ ನಿಲ್ಲಿಸಬೇಕು, ಅದು ನಿಮ್ಮ ಹಕ್ಕು. ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಮೂಳೆ ಸವೆದವರು ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ಇಷ್ಟನ್ನು ನಿರೀಕ್ಷಿಸಿ. ನೆಟ್ಟಗಾಗುವುದನ್ನು ನಿರೀಕ್ಷಿಸಬೇಡಿ.

2008ರಲ್ಲಿ ಪ್ರಕಟವಾದ ಒಂದು ಗಣಿತ ಮಾದರಿ, ತೊಡೆಯ ಹೊರಬದಿಯ ಮತ್ತು ಅಂಗಾಲಿನ ಗಟ್ಟಿ ಫೇಶಿಯಾವನ್ನು ಶೇಕಡಾ 1ರಷ್ಟು ಅದುಮಬೇಕಾದರೂ ಮನುಷ್ಯರ ಕೈಗೆ ಮೀರಿದ ಬಲ ಬೇಕೆಂದು ತೋರಿಸಿತು. ಅದನ್ನು ಬರೆದವರಲ್ಲಿ ಒಬ್ಬರಾದ ರಾಬರ್ಟ್ ಶ್ಲೈಪ್ ಸ್ವತಃ ರಾಲ್ಫಿಂಗ್ ಚಿಕಿತ್ಸಕರು. ಆಸ್ಟ್ರೇಲಿಯಾ ಸರ್ಕಾರದ 2015ರ ಪರಿಶೀಲನೆಗೆ ರಾಲ್ಫಿಂಗ್ ಫಲ ಕೊಡುತ್ತದೆಂಬ ಸ್ಪಷ್ಟ ಪುರಾವೆ ಸಿಗಲಿಲ್ಲ. 2019ರ ಏಪ್ರಿಲ್‌ನಿಂದ ಖಾಸಗಿ ಆರೋಗ್ಯ ವಿಮೆಯ ನೆರವಿನಿಂದ ಅದನ್ನು ಕೈಬಿಟ್ಟರು. ಅಂದಿನ ಪಟ್ಟಿಯಲ್ಲಿ ಯೋಗವೂ ಇತ್ತು, ಹಾಗಾಗಿ ನಾವು ಬೀಗುವಂತಿಲ್ಲ.

‘ನನಗಂತೂ ಹಗುರವಾಯಿತಲ್ಲ’ ಎನ್ನುವವರಿದ್ದಾರೆ. ಅವರ ಮಾತನ್ನು ನಾನು ನಂಬುತ್ತೇನೆ. ಒಂದೂವರೆ ಗಂಟೆ ಯಾರೋ ಅವಸರವಿಲ್ಲದೆ, ಗಮನವಿಟ್ಟು ಮೈ ಮುಟ್ಟಿದರೆ ಬಿಗಿ ಸಡಿಲಾಗುತ್ತದೆ, ಕೆಲವರಿಗೆ ಅಳುವೂ ಬರುತ್ತದೆ. ಆದರೆ ಆ ಅಳುವನ್ನು ತೋರಿಸಿ, ‘ಬಾಲ್ಯದ ಸಂಕಟ ನಿಮ್ಮ ಪೊರೆಯಲ್ಲಿ ಅಡಗಿತ್ತು, ನಾವು ಹೊರತೆಗೆದೆವು’ ಎನ್ನುವವರೊಂದಿಗೆ ಸಾಹಿತ್ಯದ ವಿದ್ಯಾರ್ಥಿಗಳು ಜಗಳವಾಡಬೇಕು. ಮನಸ್ಸು ಭಾರವಾಗಿದೆ ಎಂದವರ ಮುಂದೆ ಯಾರೂ ತಕ್ಕಡಿ ಹಿಡಿಯುವುದಿಲ್ಲ. ರೂಪಕವನ್ನು ರೂಪಕವೆಂದು ಗುರುತಿಸುವುದು ನಾವು ಕಲಿತ ವಿದ್ಯೆ. ಅದನ್ನು ತರಗತಿಯಲ್ಲೇ ಬಿಟ್ಟು ಬರಬೇಕಿಲ್ಲ. ‘ಮೊದಲು–ನಂತರ’ದ ಜೋಡಿ ಫೋಟೊಗಳನ್ನೂ ಹಾಗೆಯೇ ಓದಬೇಕು. ಎರಡನೆಯ ಸಲ ಕ್ಯಾಮೆರಾ ಮುಂದೆ ನಿಲ್ಲುವಾಗ ತನ್ನಿಂದ ಯಾವ ನಿಲುವನ್ನು ಬಯಸುತ್ತಾರೆಂಬುದು ಆ ಮನುಷ್ಯನಿಗೆ ಗೊತ್ತಿರುತ್ತದೆ.

ರಾಲ್ಫಿಂಗ್ ಹೆಸರನ್ನೇ ಕೇಳದವರಿಗೂ ಅದರ ಭಾಷೆ ರೀಲುಗಳ ಮೂಲಕ ತಲುಪಿದೆ: ‘ನಿಮ್ಮ ಪೋಶ್ಚರ್ ಸರಿಯಿಲ್ಲ, ಅದಕ್ಕೇ ನೋವು.’ ಕೂರುವ ನಿಲ್ಲುವ ಭಂಗಿಯೇ ಬೆನ್ನುನೋವಿಗೆ ಕಾರಣವೆಂದು ಅಧ್ಯಯನಗಳು ಖಚಿತವಾಗಿ ತೋರಿಸಿಲ್ಲ. ಆದರೂ ಈ ಮಾತು ಓಡುತ್ತದೆ, ಏಕೆಂದರೆ ಅದು ಹಲವರಿಗೆ ಅನುಕೂಲ. ಹತ್ತು ಗಂಟೆ ಬಗ್ಗಿ ಬಟ್ಟೆ ಹೊಲಿಯುವ ಹೆಂಗಸಿನ ಬೆನ್ನು ನೊಂದರೆ ತಪ್ಪು ಅವಳ ಬೆನ್ನಿನದು. ಬಿಡುವು ಕೊಡದ ಮಾಲೀಕನದಲ್ಲ. ಗ್ರಂಥಾಲಯದ ಮುರುಕು ಕುರ್ಚಿಯಲ್ಲಿ ಐದು ವರ್ಷ ಪ್ರಬಂಧ ಬರೆದವನ ಕುತ್ತಿಗೆ ಹಿಡಿದುಕೊಂಡರೆ ಅವನೇ ಡೊಂಕ. ನೋಯುವವರಿಗೆ ನೋವಿನ ಜೊತೆ ನಾಚಿಕೆಯನ್ನೂ ಹೊರಿಸಿ, ಅದನ್ನು ಇಳಿಸಲು ಶುಲ್ಕ ಕೇಳುವುದು ಯಾವ ಚಿಕಿತ್ಸೆ?

ಕೈಯಲ್ಲಿ ಹಣವಿದ್ದು, ಆ ಸ್ಪರ್ಶ ಹಿತವೆನಿಸಿದರೆ ಹೋಗಿ ಬನ್ನಿ. ಹಗುರವಾದ ಮೈಯಲ್ಲಿ ಒಂದೆರಡು ದಿನ ಸುಖವಾಗಿರಿ. ಆದರೆ ‘ನೀವು ಓರೆಯಾಗಿದ್ದೀರಿ’ ಎಂದು ಯಾರಾದರೂ ಶುರುಮಾಡಿದರೆ, ‘ಯಾವ ಗೆರೆಗೆ ಓರೆ? ಆ ಗೆರೆ ಎಳೆದವರು ಯಾರು?’ ಎಂದು ಕೇಳಿ. ಉತ್ತರ ಬರುವವರೆಗೆ ಎರಡನೆಯ ಭೇಟಿಯ ಹಣ ಜೇಬಿನಲ್ಲೇ ಇರಲಿ.