ವಿಷದ ಪಾಕೀಟಿಗೆ ಕನ್ನಡ ಬೇಡವೇ?

ಯುವ ಮಿತ್ರರೇ, 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಗುಟ್ಕಾ ಸತ್ತಿತೇ? ಇಲ್ಲ, ಎರಡು ಪಾಕೀಟಾಗಿ ಮತ್ತೆ ಹುಟ್ಟಿತು! ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಇಳಕಲ್, ಹುನಗುಂದ, ಬಾದಾಮಿಯ ಬಸ್‌ಸ್ಟ್ಯಾಂಡುಗಳಲ್ಲಿ ನೋಡಿ: ಕಲ್ಲುಗಣಿಗೆ ಹೋಗುವ, ತಾಂಡಾಗಳಿಂದ ಬರುವ, ಇನ್ನೂ ಮೀಸೆ ಮೂಡದ ಹುಡುಗರು ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿ ಬಾಯಿಗೆ ಸುರಿದುಕೊಳ್ಳುತ್ತಾರೆ.

ನಾನು ಪ್ರೆಸ್ಸಿನವನು, ಕಣ್ಣು ಮೊದಲು ಅಕ್ಷರಕ್ಕೇ ಹೋಗುತ್ತದೆ. ನಾನು ತಿರುವಿ ನೋಡಿದ ಪಾಕೀಟುಗಳಲ್ಲಿ ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಹಿಂದಿಯಲ್ಲಿದೆ. ಇದು ಅಪರಾಧವೂ ಅಲ್ಲ! ಕಂಪನಿ ಪಾಕೀಟಿನ ಮೇಲೆ ಯಾವ ಭಾಷೆ ಬಳಸುತ್ತದೋ ಎಚ್ಚರಿಕೆಯೂ ಅದರಲ್ಲಿದ್ದರೆ ಸಾಕು ಎನ್ನುತ್ತದೆ 2003ರ ಕೇಂದ್ರ ತಂಬಾಕು ಕಾಯ್ದೆ. ಹುಣ್ಣಾದ ಬಾಯಿಯ ಚಿತ್ರ ಎಲ್ಲರಿಗೂ ತಿಳಿಯುತ್ತದೆ, ಒಪ್ಪೋಣ. ಆದರೆ ಚಟ ಬಿಡಲು ನೆರವಾಗುವ ಉಚಿತ ಫೋನ್ ನಂಬರು 1800-11-2356 ಅಲ್ಲೇ ಇದೆ. ಅದು ಏತಕ್ಕೆಂದು ಕನ್ನಡ ಶಾಲೆಯ ಹುಡುಗನಿಗೆ ಹೇಳುವವರಾರು? ಒಂದು ಸಾಲು ಕನ್ನಡ ಸೇರಿಸಲು ಅವರ ಒಂದು ದಿನದ ಜಾಹೀರಾತಿನಷ್ಟೂ ಖರ್ಚಿಲ್ಲ, ಕಸುಬಿನವನಾಗಿ ಹೇಳುತ್ತೇನೆ.

2025ರಿಂದ ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ನಾಮಫಲಕಕ್ಕಾಗಿ ಬೀದಿಗಿಳಿದ ಗೆಳೆಯರೇ, ಈ ಸಲ ಊರಿಗೆ ಬಂದಾಗ ಶಾಲೆ ಹತ್ತಿರದ ಪಾನ್ ಅಂಗಡಿಯ ಮುಂದೆಯೂ ನಿಂತು ಕೇಳಿ.