ಗಾಜಿನ ಕೊಳಕ್ಕೆ ಒಂದು ಹಿಡಿ ಉಪ್ಪು

ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆ ಅಡಿಗೆಮನೆಗೆ ಒಪ್ಪುವ ಮಾತು. ಅದನ್ನು ನಡುಮನೆಯ ಮೀನಿನ ತೊಟ್ಟಿಗೂ ಅನ್ವಯಿಸಹೊರಟ ಗೃಹಸ್ಥರು ಅನೇಕರು. ಮೀನಿನ ಮೈಮೇಲೆ ರವೆ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಕಂಡೊಡನೆ ಬಲ್ಲವರೊಬ್ಬರು, “ಒಂದು ಹಿಡಿ ಉಪ್ಪು ಹಾಕಿ” ಎನ್ನುವರು. ಮೀನು ಚೇತರಿಸಿಕೊಳ್ಳುವುದೂ ಉಂಟು. ಆದರೆ ಕೆಲವು ವಾರಗಳಲ್ಲಿ, ಮಕ್ಕಳು ಅಕ್ಕರೆಯಿಂದ ನೆಟ್ಟ ಗಿಡಗಳ ಎಲೆ ಹಳದಿಗಟ್ಟಿ, ಕೊಳೆತು, ತೇಲತೊಡಗುತ್ತವೆ.

ಬಲ್ಲವರ ಮಾತು ಸುಳ್ಳಲ್ಲ, ಅರ್ಧಸತ್ಯ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಲವಣಾಂಶ ಹೆಚ್ಚು. ಆದಕಾರಣ ನೀರು ಕಿವಿರುಗಳ ಮೂಲಕ ಎಡೆಬಿಡದೆ ಒಳಸೇರುತ್ತದೆ. ಅದನ್ನು ಹೊರಹಾಕುವುದೇ ಮೂತ್ರಪಿಂಡಗಳಿಗೆ ದೊಡ್ಡ ದುಡಿಮೆ. ನೀರಿಗೆ ತುಸು ಉಪ್ಪು ಬೆರೆತರೆ ರೋಗಿಯ ಈ ಭಾರ ಹಗುರವಾಗುವುದು. ಪ್ರಮಾಣ ಸಾಕಷ್ಟಿದ್ದರೆ ಬಿಳಿಚುಕ್ಕೆಯ ಪರೋಪಜೀವಿಯೂ, ಮೀನನ್ನು ಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಿ, ಸಾಯುವುದು.

ಗಿಡದ ಪಾಡು ಬೇರೆ. ಉಪ್ಪು ಬೆರೆಸಿದ ಮಾವಿನ ಹೋಳು ಜಾಡಿಯಲ್ಲಿ ನೀರು ಬಿಡುವುದನ್ನು ಕಾಣದ ಗೃಹಿಣಿಯಿಲ್ಲ. ತೊಟ್ಟಿಯ ಗಿಡಕ್ಕೆ ಅಷ್ಟು ದುರ್ಗತಿ ಬಾರದಿದ್ದರೂ, ಹೊರಗಿನ ಉಪ್ಪು ಏರಿದಷ್ಟೂ ಅದಕ್ಕೆ ನೀರು ಹೀರುವುದು ಕಷ್ಟ. ವ್ಯಾಲಿಸ್ನೇರಿಯಾ, ಜಾವಾ ಫರ್ನ್ ಸ್ವಲ್ಪಮಟ್ಟಿಗೆ ಸಹಿಸಿಯಾವು. ಕಬೊಂಬಾದಂತಹ ನವಿರು ಗಿಡ ಸಹಿಸಲಾರದು.

ಇದಕ್ಕೂ ಮಿಗಿಲಾದ ಅಪಾಯ ಲೆಕ್ಕದಲ್ಲಿ ಅಡಗಿದೆ. ನೀರು ಆವಿಯಾಗುವುದು, ಉಪ್ಪು ಆಗದು. 40 ಲೀಟರಿನ ತೊಟ್ಟಿಗೆ 40 ಗ್ರಾಂ ಉಪ್ಪು ಹಾಕಿದವರು, ವಾರಕ್ಕೆ ಆರುವ 4 ಲೀಟರ್ ನೀರನ್ನು ಅದೇ ಹದದ ಉಪ್ಪುನೀರಿನಿಂದ ತುಂಬುತ್ತ ಹೋದರೆ, ಹತ್ತು ವಾರಗಳಲ್ಲಿ ಉಪ್ಪು 80 ಗ್ರಾಂ! ಆರಿದ್ದನ್ನು ಬರಿಯ ನೀರಿನಿಂದಲೇ ತುಂಬಬೇಕು. ಕೂಡಿಬಿದ್ದ ಉಪ್ಪನ್ನು ತೆಗೆಯಲು, ಇದ್ದ ನೀರಿನ ಒಂದು ಪಾಲನ್ನು ಹೊರಚೆಲ್ಲಿ ಹೊಸನೀರು ತುಂಬುವುದೊಂದೇ ಮಾರ್ಗ.

ಉಪಾಯ ಸರಳವಾಗಿದೆ. ಮೀನುಗಳೆಲ್ಲವನ್ನೂ ಬೇರೊಂದು ಪಾತ್ರೆಗೆ ಸಾಗಿಸಿ, ಗಾಳಿಯಾಡುವ ಏರ್ಪಾಡು ಮಾಡಿ, ಲೀಟರಿಗೆ 1ರಿಂದ 3 ಗ್ರಾಂ ಉಪ್ಪನ್ನು ಕರಗಿಸಿ, ಕಂತುಕಂತಾಗಿ ಕೊಡುವುದು. ದಿನವೂ ಒಂದಷ್ಟು ನೀರನ್ನು ಬದಲಿಸಿ, ಅದೇ ಹದದ ಉಪ್ಪುನೀರನ್ನು ತುಂಬುವುದು. ಅತ್ತ ತೊಟ್ಟಿಯ ನೀರು ಬೆಚ್ಚಗಿದ್ದು, ಎರಡು ವಾರ ಅದರಲ್ಲಿ ಮೀನಿಲ್ಲದಿದ್ದರೆ, ಆಶ್ರಯ ಕಾಣದ ಪರೋಪಜೀವಿ ತಾನಾಗಿಯೇ ನಾಶವಾಗುವುದು. ಗಿಡಗಳು ಹಸುರಾಗಿಯೇ ಉಳಿಯುವುವು.

ಉಪ್ಪು ಮೀನಿಗೆ ಮದ್ದೇ ಹೊರತು ನಿತ್ಯದ ಆಹಾರವಲ್ಲ. ಮನೆಯ ಮಗುವಿಗೆ ಜ್ವರ ಬಂತೆಂದು ಅಂಗಳದ ತುಳಸಿಗೆ ಕಷಾಯ ಹೊಯ್ಯುವವರುಂಟೆ?