ಹೆಸರು ಬೋರ್ಡಿಗೆ, ಮನುಷ್ಯ ಮರೆವಿಗೆ

ದಂಡಿನ ಕಡೆಯಿಂದ ಜಯನಗರ, ಬನಶಂಕರಿಗೆ ವಾಪಸ್ಸು ಬರುವ ಬಸ್ಸು ಹತ್ತಿ ನೋಡಿ. "ರೆಸಿಡೆನ್ಸಿ ರೋಡ್ ಯಾರ್ರೀ ಇಳಿಯೋರು? ಬೇಗ ಬನ್ನಿ" ಎಂದು ಕಂಡಕ್ಟರ್ ಕೂಗುತ್ತಾರೆ. ಇಳಿಯುವವರು ಇಳಿಯುತ್ತಾರೆ. ಆ ರಸ್ತೆಗೆ ಸರ್ಕಾರ ಇಟ್ಟ ಹೆಸರು ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ರಸ್ತೆ ಎಂಬುದು ಇಳಿದವರಿಗೂ ಗೊತ್ತಿಲ್ಲ, ಕೂತವರಿಗೂ ಬೇಕಿಲ್ಲ. ಬ್ರಿಟಿಷ್ ರೆಸಿಡೆಂಟ್ ಸಾಹೇಬ ಊರು ಬಿಟ್ಟು ಎಷ್ಟೋ ಕಾಲವಾಯಿತು. ಅವನ ಹೆಸರು ಮಾತ್ರ ನಮ್ಮ ನಾಲಗೆ ಬಿಟ್ಟು ಹೋಗಿಲ್ಲ.

ಹೋಗಲಿ, ರಸ್ತೆಯ ಹೆಸರಿಗಾಗಿ ಜಗಳವಾಡುವುದು ಈ ಅಂಕಣದ ಉದ್ದೇಶವಲ್ಲ. ಆ ಹೆಸರಿನ ಮನುಷ್ಯ ಹೇಗೆ ಬದುಕಿದ, ಅದರಿಂದ ನಮ್ಮ ಬಡಾವಣೆಗಳಿಗೆ ಏನು ಪಾಠ ಎಂಬುದಷ್ಟೇ ಮಾತು.

ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೊಡಂದೆರ ಕಾರ್ಯಪ್ಪ, 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಪ್ರತಿವರ್ಷ ಅದೇ ದಿನ ಸೇನಾ ದಿನ ಆಚರಿಸುವುದು ಇದಕ್ಕಾಗಿಯೇ. ಜಾತಿ, ಕುಲ ನೋಡದೆ ಎಲ್ಲರನ್ನೂ ಸೇರಿಸಿಕೊಂಡ ಗಾರ್ಡ್ಸ್ ಬ್ರಿಗೇಡ್ ಅದೇ ವರ್ಷ ಅವರ ಕೈಯಲ್ಲೇ ಹುಟ್ಟಿತು. 1953ರಲ್ಲಿ ನಿವೃತ್ತಿ. ಅದಾದ 33 ವರ್ಷಕ್ಕೆ, 1986ರಲ್ಲಿ, ಫೀಲ್ಡ್ ಮಾರ್ಷಲ್ ಪದವಿ. ನಮ್ಮ ಸೇನೆಯಲ್ಲಿ ಆ ಪದವಿ ಪಡೆದವರು ಇಬ್ಬರೇ, ಅವರು ಮತ್ತು ಮಾಣೆಕ್ ಷಾ. 1993ರ ಮೇ 15ರಂದು ನಮ್ಮ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು.

ಇದೆಲ್ಲ ಶಾಲೆಯ ಪುಸ್ತಕದಲ್ಲಿ ಸಿಗುತ್ತದೆ. ಮನೆಯ ಕಥೆ ಬೇರೆ ಇದೆ.

ಕಾರ್ಯಪ್ಪನವರಿಗೆ ಒಬ್ಬ ಮಗ, ಒಬ್ಬ ಮಗಳು. ಮಕ್ಕಳು ಚಿಕ್ಕವರಿರುವಾಗಲೇ ತಾಯಿಯನ್ನು ಕಳೆದುಕೊಂಡರು. ತಂದೆಯ ನೆರಳಲ್ಲೇ ಬೆಳೆದ ಮಗ ನಂದಾ ಕಾರ್ಯಪ್ಪ ವಾಯುಸೇನೆ ಸೇರಿದರು. 1965ರ ಯುದ್ಧದಲ್ಲಿ ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಇನ್ನೇನು ಒಂದು ದಿನ ಇದೆ ಎನ್ನುವಾಗ, ಅವರ ಹಂಟರ್ ವಿಮಾನ ಪಾಕಿಸ್ತಾನದ ಗುಂಡಿಗೆ ಸಿಕ್ಕಿತು. ಗಾಯಗೊಂಡ ಮಗ ಶತ್ರುಗಳ ಸೆರೆಯಾದ. ಅಪ್ಪನಿಗೆ ಆಗ 66 ವರ್ಷ, ಮಡಿಕೇರಿಯ ರೋಷನಾರಾ ಮನೆಯಲ್ಲಿ ನಿವೃತ್ತ ಜೀವನ.

ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್, ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಸಾಹೇಬರ ಮಗ ಸಿಕ್ಕಿಬಿದ್ದಿದ್ದಾನೆಂದು ತಿಳಿದು, ಬೇಕಾದರೆ ಬಿಟ್ಟುಕೊಡುತ್ತೇವೆ ಎಂದು ಹೇಳಿ ಕಳಿಸಿದರು. ಒಂದು "ಹೂಂ" ಅಂದಿದ್ದರೆ ಮಗ ಮನೆಗೆ ಬರುತ್ತಿದ್ದ. ಅಪ್ಪ ಅನ್ನಲಿಲ್ಲ. ಸೆರೆಯಲ್ಲಿರುವ ಭಾರತೀಯ ಸೈನಿಕರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ನನ್ನವನೊಬ್ಬನಿಗೆ ಬೇರೆ ಉಪಚಾರ ಬೇಡ ಎಂಬ ಅರ್ಥದ ಉತ್ತರ ಹೋಯಿತು. ಮಗ ಉಳಿದ ಕೈದಿಗಳ ಹಾಗೇ ದಿನ ಎಣಿಸಿ 1966ರಲ್ಲಿ ಬಿಡುಗಡೆಯಾಗಿ ಬಂದರು. ಮುಂದೆ ಏರ್ ಮಾರ್ಷಲ್ ಹುದ್ದೆಗೂ ಏರಿದರು.

ಇದನ್ನು ಓದಿ ಕೆಲವರು ಅನ್ನಬಹುದು: "ಕಲ್ಲು ಮನಸ್ಸು ಸಾರ್ ಆ ಯಪ್ಪಂದು." ಅಲ್ಲ ಸ್ವಾಮಿ. ಮಕ್ಕಳ ಮೇಲೆ ಪ್ರೀತಿ ಇಲ್ಲದವನಿಗೆ ಆ ಉತ್ತರದಲ್ಲಿ ಕಷ್ಟ ಏನಿದೆ? ಇದ್ದವನಿಗೇ ಅದು ಕಷ್ಟ. ತನ್ನ ಮಗನಿಗಾಗಿ ಹೊಟ್ಟೆ ಉರಿಯುವಾಗ, ಹಳ್ಳಿಯಲ್ಲಿ ಇನ್ನೊಬ್ಬ ಸಿಪಾಯಿಯ ತಾಯಿಯ ಹೊಟ್ಟೆಯೂ ಹಾಗೇ ಉರಿಯುತ್ತಿದೆ ಎಂದು ಆ ಅಪ್ಪನಿಗೆ ಹೊಳೆಯಿತು. ಆಕೆಯ ಮಾತು ಕೇಳಲು ಅಯೂಬ್ ಖಾನ್ ಇರಲಿಲ್ಲ.

ಅಪ್ಪ, ಮಗ, ಯುದ್ಧ ಎನ್ನುವುದು ನಮ್ಮ ಈ ಸೀಮೆಗೆ ಹೊಸದೂ ಅಲ್ಲ. ಬಿಟಿಎಂ ಲೇಔಟಿನಿಂದ ಇನ್ನೂ ತೆಂಕಕ್ಕೆ ಹೋದರೆ ಬೇಗೂರು. ಅಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಒಂದು ಶಾಸನವಿದೆ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಶೆಟ್ಟಿ ಸತ್ತನೆಂದು ಅದು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ಕಲ್ಲಿನ ಮೇಲೆ ಕಾಣಿಸಿಕೊಂಡದ್ದೇ ಹೀಗೆ, ಕಾಳಗದಲ್ಲಿ ಮಗನನ್ನು ಕಳೆದುಕೊಂಡ ಒಂದು ಮನೆಯ ಸುದ್ದಿಯಾಗಿ. ಆಗಿನವರು ಕಲ್ಲು ಕೆತ್ತಿ ನೆನಪು ಉಳಿಸಿದರು. ಈಗಿನ ನಾವು ಏನು ಮಾಡುತ್ತಿದ್ದೇವೆ?

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಂಜೆ ಹೊತ್ತು ಒಂದು ಸುತ್ತು ಹಾಕಿ. ದೊಡ್ಡ ಅಂಗಡಿಯ ಬಾಗಿಲಲ್ಲಿ ನೆಟ್ಟಗೆ ನಿಂತು ಸಲಾಮು ಹೊಡೆಯುವ ಮೀಸೆಯ ಯಜಮಾನರನ್ನು ಮಾತಾಡಿಸಿ. "ಹವಾಲ್ದಾರ್ ಆಗಿ ರಿಟೈರ್ ಆದೆ ಸಾರ್. ಮಗಳ ಮದುವೆ ಸಾಲ ಇನ್ನೂ ಇದೆ, ಮೊಮ್ಮಗನ ಸ್ಕೂಲ್ ಫೀಸು ಇದೆ" ಎಂದರು ಒಬ್ಬರು ನಮ್ಮೊಡನೆ. ಹನ್ನೆರಡು ಗಂಟೆ ನಿಂತೇ ಡ್ಯೂಟಿ. ಕೂರಲು ಒಂದು ಸ್ಟೂಲಿಲ್ಲ. ಗಡಿಯಲ್ಲಿ ನಿಂತು ಸವೆದ ಮಂಡಿ ಈಗ ಸೀರೆ ಅಂಗಡಿಯ ಮುಂದೆ ಸವೆಯುತ್ತಿದೆ, ಅದೂ ಮನೆಯವರ ಹೊಟ್ಟೆಗಾಗಿ. ಇಂಥವರೂ ಸಂಸಾರವನ್ನು ಪ್ರೀತಿಸುವ ಸೈನಿಕರೇ ಅಲ್ಲವೇ?

ಅಂಗಡಿ ಯಜಮಾನರೇ, ನಿಮ್ಮನ್ನು ಬೈಯುತ್ತಿಲ್ಲ. ಬಾಡಿಗೆ, ತೆರಿಗೆ, ಆನ್‌ಲೈನ್ ವ್ಯಾಪಾರದ ಹೊಡೆತ ಎಲ್ಲ ಗೊತ್ತಿದೆ. ಆದರೆ ಒಂದು ಸ್ಟೂಲಿಗೆ ಎಷ್ಟು ಮಹಾ ಖರ್ಚು? ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಆಸನ ಕೊಡಲೇಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ಮಾಡಿದವು. ನಾವು ಕಾನೂನಿನ ದೊಣ್ಣೆ ಬರುವವರೆಗೆ ಕಾಯಬೇಕೆ?

ಎರಡನೆಯ ಮಾತು. ಹಳೆಯ ಸೈನಿಕರಿಗೆ, ಅವರ ವಿಧವೆಯರಿಗೆ ಸಿಗಬೇಕಾದ ಸವಲತ್ತು ಎಲ್ಲಿ ಕೇಳಬೇಕೆಂದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಸೈನಿಕ ಕಲ್ಯಾಣ ಇಲಾಖೆ ಇರುವುದು ಅದೇ ರೆಸಿಡೆನ್ಸಿ ರೋಡಿನಲ್ಲಿ, ಅದೇ ಹೆಸರಿನ ಕಾರ್ಯಪ್ಪ ಭವನದಲ್ಲಿ. ಪಕ್ಕದ ಮನೆಯ ಅಜ್ಜಿ ಪಿಂಚಣಿ ಕಾಗದ ಹಿಡಿದು ಒದ್ದಾಡುತ್ತಿದ್ದರೆ ಬಸ್ಸಿನ ನಂಬರು ಹೇಳಿ ಕಳಿಸಿ. ಪುರುಸೊತ್ತಿದ್ದರೆ ಜೊತೆಗೇ ಹೋಗಿ. ನಿವೃತ್ತ ಸೈನಿಕರು ಒಬ್ಬೊಬ್ಬರಾಗಿ ಅಲೆಯಬಾರದೆಂದೇ ಕಾರ್ಯಪ್ಪನವರು 1964ರಲ್ಲಿ ಮಾಜಿ ಸೈನಿಕರ ಸಂಘ ಕಟ್ಟಿದ್ದು. ಡಿಸೆಂಬರ್ 7ರ ಧ್ವಜ ದಿನದಂದು ಹುಡುಗರು ಡಬ್ಬಿ ಹಿಡಿದು ಬಂದರೆ "ಮುಂದೆ ಹೋಗ್ರಪ್ಪ" ಅನ್ನಬೇಡಿ.

ಮೂರನೆಯದು ಎಲ್ಲರಿಗೂ ಸೇರಿದ್ದು, ಬರೆಯುವ ಈ ಕೈಗೂ ಸೇರಿದ್ದು. ನಮ್ಮ ಹುಡುಗನಿಗೆ ಸೀಟು ಬೇಕು, ಯಾರಿಗಾದರೂ ಫೋನ್ ಮಾಡಿಸಿ. ನಮ್ಮ ಫೈಲು ಮೇಲೆ ಬರಬೇಕು, ಯಾರಾದರೂ ಪರಿಚಯದವರಿದ್ದಾರಾ ನೋಡಿ. ಬೆಳಗಾದರೆ ಇದೇ ನಮ್ಮ ಪಾಡು. ಹಾಗೆ ಕೇಳಿದಾಗಲೆಲ್ಲ ಕ್ಯೂನಲ್ಲಿ ನಿಂತ ಇನ್ಯಾರದೋ ಮಗ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತಾನೆ. ಶತ್ರು ದೇಶದ ಅಧ್ಯಕ್ಷನೇ ಕರೆದು ಕೊಟ್ಟ ವಶೀಲಿಯನ್ನು ಒಬ್ಬ ಅಪ್ಪ ಬೇಡವೆಂದ. ನಮಗೆ ಒಂದು ಫೋನಾದರೂ ಕಡಿಮೆ ಮಾಡಲು ಆಗದೆ?

ನಾಳೆ ಆ ಕಡೆಯಿಂದ ಬಸ್ಸಿನಲ್ಲಿ ಬಂದರೆ ಒಂದು ಕೆಲಸ ಮಾಡಿ. ಟಿಕೆಟ್ ತಗೊಳ್ಳುವಾಗ "ಕಾರ್ಯಪ್ಪ ರಸ್ತೆ" ಅನ್ನಿ. ಕಂಡಕ್ಟರ್ "ಅದೆಲ್ಲಿ ಬರುತ್ತೆ ಸಾರ್?" ಎಂದು ಕೇಳಬಹುದು. ಕೇಳಿದರೆ ಒಳ್ಳೆಯದೇ. ರಿಚ್ಮಂಡ್ ಸರ್ಕಲ್ ಬರುವಷ್ಟರಲ್ಲಿ ಈ ಕಥೆ ಹೇಳಿ ಮುಗಿಸಬಹುದು.